ದೀಪ ಇಳಿಸದ ಹಗೇವು

ಆವತ್ತು ಅವನ ಹಣೆಗೆ ಟಾರ್ಚು ಕಟ್ಟಿಕೊಟ್ಟವಳು ನಾನೇ. ಇದನ್ನು ಮೊದಲು ಹೇಳಿಬಿಡುತ್ತೇನೆ. ಮನೆಯವರ ಮೇಲಿನ ಸಿಟ್ಟನ್ನೆಲ್ಲ ಬರೆದು, ತನ್ನ ಪಾಲನ್ನು ಮಾತ್ರ ಮುಚ್ಚಿಟ್ಟಳು ಎಂದು ಯಾರೂ ಅನ್ನಬಾರದು.

ನಾವಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಗಂಡನದು ಪೈಪು, ಮೋಟಾರು ಮಾರುವ ಅಂಗಡಿ. ಅತ್ತೆ ಮಾವ ಕೋಗಳಿಯ ಕಡೆಯ ಒಂದು ಹಳ್ಳಿಯಲ್ಲಿ ಹೊಲಮನೆ ನೋಡಿಕೊಂಡು ಗಟ್ಟಿಯಾಗಿಯೇ ಇದ್ದಾರೆ. ಆ ಮನೆಯ ಅಂಗಳದಲ್ಲಿ, ಕೊಟ್ಟಿಗೆಗೂ ಬೇವಿನ ಮರಕ್ಕೂ ನಡುವೆ ಒಂದು ಹಗೇವು ಇದೆ. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ಇಳಿಯುವಷ್ಟು ಕಿರಿದು. ಹೊಟ್ಟೆ ಮಾತ್ರ ಸಣ್ಣ ಕೋಣೆಯಷ್ಟು ಅಗಲ, ಎರಡಾಳು ಆಳ. ಒಳಗೋಡೆಗೆ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ಮುಗಿಯಿತು. ನಾನು ಸೊಸೆಯಾಗಿ ಬಂದಾಗ ಅದು ಬರಿದಾಗಿ ಎಷ್ಟೋ ವರ್ಷವಾಗಿತ್ತು. ಆ ಚಪ್ಪಡಿಯ ಮೇಲೆ ನಾನು ಹಪ್ಪಳ ಒಣಹಾಕುತ್ತಿದ್ದೆ.

ಅದನ್ನು ಮತ್ತೆ ತೆರೆಸಿದ್ದು ಬಿಸಿಲು. ಈಚೆಗೆ ನಮ್ಮ ಕಡೆ ಶಿವರಾತ್ರಿ ಬರುವ ಮುಂಚೆಯೇ ಸೆಕೆ ಶುರುವಾಗುತ್ತದೆ. ತಗಡಿನ ಗೋದಾಮಿನಲ್ಲಿ ಒಟ್ಟಿದ ಚೀಲಕ್ಕೆ ಕೈ ಹಾಕಿದರೆ ಕಾಳು ಆಗತಾನೇ ಹುರಿದಿಟ್ಟ ಹಾಗೆ ಬೆಚ್ಚಗೆ. ಆ ಬಿಸಿಗೆ ನುಸಿ ಎಷ್ಟು ಬೇಗ ಹೆಚ್ಚುತ್ತದೆಂದರೆ, ಯುಗಾದಿಗೆ ಇಟ್ಟ ಜೋಳ ಕಾರಹುಣ್ಣಿಮೆಗೆ ಅರ್ಧ ಹಿಟ್ಟು. ಎರಡು ವರ್ಷ ಹೀಗಾದ ಮೇಲೆ ಮಾವ ಹಳೆಯ ಬುದ್ಧಿಗೆ ತಿರುಗಿದರು. ನೆಲದಾಗ ತಂಪೈತಿ, ನಮ್ಮಪ್ಪ ದಡ್ಡ ಇದ್ದನೇನು ಎಂದು ಹಗೇವು ತೊಳೆಸಿ, ಒಣಗಿಸಿ, ಹೋದ ವರ್ಷದ ಜೋಳ ಅದಕ್ಕೆ ಹಾಕಿಸಿದರು. ಅದರಲ್ಲಿ ತಪ್ಪಿರಲಿಲ್ಲ.

ಆಮೇಲೆ ಒಂದು ಸಂಜೆ, ಒಂದು ತಿಂಗಳಲ್ಲಿ ಬೀಳಬೇಕಾದ ಮಳೆ ಮೂರು ತಾಸಿನಲ್ಲಿ ಬಿತ್ತು. ಅಂಥ ಮಳೆ ಈಗ ಹೊಸದಲ್ಲ. ಬಂದರೆ ಹೀಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅಂಗಳದಲ್ಲಿ ಎರಡು ದಿನ ನೀರು ನಿಂತಿತ್ತು. ಮಗಳ ರಜೆಗೆಂದು ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಹಾಲಿನ ಚೆಂಬು ಹಿಡಿದು ದಾಟುವಾಗ ಕಂಡೆ: ಚಪ್ಪಡಿ ಮುಳುಗಿದ ಜಾಗದಲ್ಲಿ, ಅಂಚಿನ ಸುತ್ತ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೆ ಬರುತ್ತಿದ್ದವು. ಒಳಗೆ ಯಾರೋ ಉಸಿರು ಬಿಡುತ್ತಿರುವ ಹಾಗೆ. ಮಾವನಿಗೆ ಹೇಳಿದೆ. ಅವರು ನಕ್ಕು, ಸೊಸೀಗೆ ಹಗೇವಿನ ಉಸುರೂ ಕೇಳಸ್ತೈತಿ ಎಂದು ಬಂದವರಿಗೆಲ್ಲ ಹೇಳಿದರು. ನಾನೂ ನಕ್ಕೆ. ನಗಬಾರದಿತ್ತು.

ಹಗೇವಿಗೆ ಇಳಿಯುವ ಕಸುಬು ಗೊತ್ತಿದ್ದವನು ಆ ಊರಲ್ಲಿ ಒಬ್ಬನೇ ಉಳಿದಿದ್ದ. ಅವನ ಅಪ್ಪ ಊರಿನ ಎಲ್ಲ ಹಗೇವುಗಳಿಗೆ ಇಳಿದವನಂತೆ. ವಯಸ್ಸು ಐವತ್ತರ ಆಚೀಚೆ, ಸಣಕಲು ಮೈ, ಕಿವಿಯ ಮೇಲೆ ಸದಾ ಒಂದು ಬೇವಿನ ಕಡ್ಡಿ. ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಊರಿಗೆ ನೀರು ಬಿಡುವ ನೀರುಗಂಟಿಯ ಕೆಲಸವನ್ನು ಆರು ವರ್ಷದಿಂದ ಅವನೇ ಮಾಡುತ್ತಿದ್ದ. ಹೆಸರಿಗೆ ಮಾತ್ರ ಇನ್ನೊಬ್ಬರ ಬದಲಿ. ಆ ವರ್ಷ ಪಂಚಾಯತಿಯವರು ಅವನನ್ನೇ ಖಾಯಂ ಮಾಡುವ ಮಾತು ನಡೆದಿತ್ತು. ಅವನ ಒಡಹುಟ್ಟಿದವನು ಕುಡಿದೇ ಸತ್ತಿದ್ದ. ಹಾಗಾಗಿ ಇವನು ಮದುವೆ ಮನೆಯಲ್ಲಿ ಬಣ್ಣದ ಸೋಡಾ ಕೊಟ್ಟರೂ ಮೂಸಿ ನೋಡಿ ಕೆಳಗಿಡುವವನು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಏನಾಯಿತೆಂಬುದೇ ನನ್ನ ಸಿಟ್ಟು.

ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿದೆ. ಹಿಂದಿನ ದಿನವೇ ಚಪ್ಪಡಿ ಸರಿಸಬೇಕು. ಬೇವಿನ ದೊಡ್ಡ ಟೊಂಗೆಗೆ ಹಗ್ಗ ಕಟ್ಟಿ ಒಳಗೆ ಇಳಿಸಿ, ಎತ್ತಿ, ಇಳಿಸಿ, ಎತ್ತಿ ಗಾಳಿಯಾಡಿಸಬೇಕು. ಆಮೇಲೆ ಉರಿಯುವ ಕಂದೀಲು ಇಳಿಸಬೇಕು. ಕಂದೀಲು ತಳ ಮುಟ್ಟಿಯೂ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಅತ್ತೆ ಇದನ್ನು ಎಷ್ಟೋ ಸಲ ನನಗೆ ಹೇಳಿದ್ದರು.

ಶ್ರಾವಣದ ಒಂದು ಸೋಮವಾರ, ನಾನೂ ಗಂಡನೂ ಹಳ್ಳಿಯಲ್ಲೇ ಇದ್ದೆವು. ಹನ್ನೊಂದಕ್ಕೆ ಕೊಟ್ಟೂರಿನ ವ್ಯಾಪಾರಿಯ ಗಾಡಿ ಬರುವುದಿತ್ತು. ಹಿಂದಿನ ದಿನ ಯಾವುದೋ ನಾಮಕರಣಕ್ಕೆ ಹೋಗಿ ಎಲ್ಲರೂ ತಡವಾಗಿ ಬಂದದ್ದರಿಂದ ಚಪ್ಪಡಿ ಸರಿಸಿದ್ದು ಆವತ್ತೇ ಬೆಳಿಗ್ಗೆ. ಸರಿಸಿದ ಕೂಡಲೆ ಹುಳಿ ವಾಸನೆ ಅಂಗಳ ತುಂಬಿತು, ಮೂರು ದಿನದ ಅಂಬಲಿಯಂತೆ. ಒಳಗೆ ಒಂದು ಪಕ್ಕದ ಕಾಳು ನೆಂದಿದೆ ಎಂದು ಎಲ್ಲರಿಗೂ ತಿಳಿಯಿತು. ಬೇಗ ತೆಗೆದರೆ ಉಳಿದದ್ದಾದರೂ ಉಳಿದೀತು ಎಂದು ಮಾವ ಅವಸರ ಮಾಡಿದರು. ಟೊಂಗೆಯನ್ನು ನಾಲ್ಕು ಸಲ ಆಡಿಸಿದ ಶಾಸ್ತ್ರವಾಯಿತು.

ಅತ್ತೆ ಕಂದೀಲು ತಂದರು. ಅದರಲ್ಲಿ ಸೀಮೆಎಣ್ಣೆ ಇರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತು ಎಷ್ಟು ಕಾಲವಾಯಿತು. ಊರಲ್ಲಿ ಯಾರ ಮನೆಯಲ್ಲೂ ಒಂದು ಹನಿ ಇಲ್ಲ. ದೇವರ ಮನೆಯ ಹಣತೆಯನ್ನೇ ಕಾಳು ಎತ್ತುವ ಪುಟ್ಟಿಯಲ್ಲಿಟ್ಟು ಇಳಿಸೋಣ ಎಂದು ಅತ್ತೆ ಅಂದರು. ಹುಲ್ಲಿಗೆ ಬೆಂಕಿ ಹತ್ತೀತು ಎಂದು ನನ್ನ ಗಂಡ ಬೇಡವೆಂದ. ಬೆಳಕಲ್ಲವೇ ಬೇಕಾದ್ದು ಎಂದು ನಾನು ಒಳಗೆ ಹೋಗಿ, ಕರೆಂಟು ಹೋದಾಗ ಬೇಕೆಂದು ತರಿಸಿದ್ದ, ಹಣೆಗೆ ಕಟ್ಟುವ ಟಾರ್ಚು ತಂದೆ. ಹೊಸದು. ಅದರ ಬೆಳಕು ತಳದವರೆಗೆ ಬಿತ್ತು. ಒಂದೊಂದು ಕಾಳೂ ಕಾಣುತ್ತಿತ್ತು. ಆ ಪ್ರಕಾಶ ನೋಡಿ ನಮ್ಮೆಲ್ಲರಿಗೂ ಧೈರ್ಯ ಬಂತು. ಒಳಗೆ ಕಾಣುತ್ತದೆ ಎಂದರೆ ಒಳಗೆ ಇಳಿಯಬಹುದು ಎಂದುಕೊಂಡೆವು. ಕಂದೀಲು ಇಳಿಸುತ್ತಿದ್ದದ್ದು ನೋಡುವುದಕ್ಕಲ್ಲ, ಆರುತ್ತದೆಯೋ ಎಂದು ಕಾಯುವುದಕ್ಕೆ. ಟಾರ್ಚು ಯಾವ ಗಾಳಿಯಲ್ಲೂ ಆರುವುದಿಲ್ಲ.

ನನಗೆ ಇದು ಗೊತ್ತಿರಬೇಕಿತ್ತು. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಂದು ಜಗ್ಗಿನಲ್ಲಿ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ, ನೊರೆ ಇಳಿದ ಮೇಲೆ ಆ ಜಗ್ಗನ್ನು ಉರಿಯುವ ಮೇಣದಬತ್ತಿಯ ಮೇಲೆ ಬಗ್ಗಿಸಿದ್ದರು. ಏನೂ ಬೀಳಲಿಲ್ಲ, ಬತ್ತಿ ಆರಿತು. ಇಂಗಾಲದ ಡೈ ಆಕ್ಸೈಡ್, ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗಿನಲ್ಲಿ ನಿಲ್ಲುತ್ತದೆ ಎಂದು ಬರೆಸಿದ್ದರು. ಅಚ್ಚುಕಟ್ಟಾಗಿ ಬರೆದು ಪೂರ್ತಿ ಅಂಕ ತಗೊಂಡಿದ್ದೆ. ಇಪ್ಪತ್ತೈದು ವರ್ಷದ ನಂತರ ಅದೇ ಗಾಳಿ ತುಂಬಿದ ಗುಂಡಿಗೆ ಇಳಿಯುವವನ ಹಣೆಗೆ ಬೆಲ್ಟು ಬಿಗಿ ಮಾಡಿ, ಸರಿ ಐತೇನಣ್ಣ ಎಂದು ಕೇಳಿದ್ದೆ.

ಅವನ ಸೊಂಟಕ್ಕೆ ಹಗ್ಗ ಕಟ್ಟಿದ್ದರು. ಅದೊಂದು ಪದ್ಧತಿ ಉಳಿದದ್ದರಿಂದಲೇ ಅವನ ಜೀವ ಉಳಿಯಿತು. ಎರಡು ಪುಟ್ಟಿ ಜೋಳ ಮೇಲೆ ಬಂದವು. ಒಳಗಿನಿಂದ ಅವನು ಏನೋ ಚೇಷ್ಟೆ ಮಾಡುತ್ತಲೇ ಇದ್ದ. ಮೂರನೆಯ ಪುಟ್ಟಿಯ ಹೊತ್ತಿಗೆ ಮಾತು ಎಳೆಯತೊಡಗಿತು. ತೆಲಿ ಸಿಡೀತೈತಿ, ಕಾಲು ಯಾರವೋ ಅನ್ನಂಗ ಆಗ್ಯಾವ ಎಂದು ನಿಧಾನಕ್ಕೆ ನಕ್ಕ. ಆಮೇಲೆ ಸದ್ದಿಲ್ಲ. ನಾನು ಬಗ್ಗಿ ನೋಡಿದೆ. ಟಾರ್ಚು ಚೆನ್ನಾಗಿ ಉರಿಯುತ್ತಿತ್ತು. ಆದರೆ ಅದರ ಬೆಳಕು ಗೋಡೆಯ ಒಂದೇ ಕಡೆ ಬಿದ್ದು ಅಲ್ಲಾಡದೆ ನಿಂತಿತ್ತು.

ನನ್ನ ಗಂಡ ಇಳಿಯಲು ಕಾಲು ಹಾಕಿದ. ಅತ್ತೆ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಜಗ್ಗಿದರು. “ಬಿದ್ದವನ ಹಿಂದ ಇಳೀಬ್ಯಾಡ. ಹಗ್ಗ ಜಗ್ಗು,” ಅಂದರು, ಅಷ್ಟೇ. ಮೂರು ಜನ ಸೇರಿ ಎಳೆದರು. ಕಿರಿದಾದ ಬಾಯಿಗೆ ಅವನ ಭುಜ ಸಿಕ್ಕಿ, ಚರ್ಮ ಸುಲಿದು, ಕಡೆಗೂ ಮೇಲೆ ಬಂದ. ತುಟಿ ನೇರಳೆ ಹಣ್ಣು ತಿಂದಂತೆ. ಅತ್ತೆ ಮೊರದಿಂದ ಬೀಸಿದರು. ಒಂದು ಉಸಿರು ಬಂತು. ಎಷ್ಟೋ ಹೊತ್ತಿಗೆ ಇನ್ನೊಂದು.

ಕಾರಿನಲ್ಲಿ ಹಾಕಿಕೊಂಡು ಹಗರಿಬೊಮ್ಮನಹಳ್ಳಿಗೆ ಹೊರಟೆವು. ದಾರಿಯಲ್ಲೇ ಮಾವ ಮಾತು ಕಟ್ಟಿದರು. ಪೊಲೀಸು, ಕೇಸು, ಊರಲ್ಲಿ ಹೆಸರು. ಅವನ ಅಂಗಿಯಿಂದ ನೆಂದ ಜೋಳದ ಹುಳಿ ವಾಸನೆ ಕಾರಿನ ತುಂಬ ಬರುತ್ತಿತ್ತು. ಆ ವಾಸನೆಯೇ ಅವರಿಗೆ ದಾರಿ ತೋರಿಸಿರಬೇಕು. “ಕುಡದಿದ್ದ, ಕಾಲು ಜಾರಿ ಬಿದ್ದ ಅಂದ್ರಾತು,” ಅಂದರು. ನನ್ನ ಗಂಡ ಗೇರು ಬದಲಿಸಿದ. ಆಸ್ಪತ್ರೆಯಲ್ಲಿ ವೈದ್ಯರು ಏನಾಯಿತೆಂದು ಕೇಳಿದಾಗ ಹಾಗೆಯೇ ಹೇಳಿದ. ವೈದ್ಯರು ಬಗ್ಗಿ ಅಂಗಿ ಮೂಸಿದರು, ತಲೆಯಾಡಿಸಿ ಬರೆದುಕೊಂಡರು. ಉಸಿರು ಕಡಿಮೆ ಇದ್ದದ್ದಕ್ಕೆ ಆಮ್ಲಜನಕ ಹಾಕಿದರು, ಅದು ಅವನ ಪುಣ್ಯ. ನಾನು ಎರಡು ಮಾರು ದೂರದಲ್ಲಿ, ಗೋಡೆಯ ಮೇಲಿನ ಕೈ ತೊಳೆಯುವ ವಿಧಾನದ ಚಿತ್ರ ಓದುತ್ತ ನಿಂತಿದ್ದೆ. ಆರು ಹಂತ ಇದ್ದವು. ಆರನ್ನೂ ಓದಿದೆ. ಅವನು ಸೋಮವಾರ ಒಪ್ಪತ್ತು ಮಾಡುವವನು. ಆವತ್ತು ಬೆಳಿಗ್ಗೆ ನಾನು ಚಹಾ ಕೊಟ್ಟರೂ ಬೇಡವೆಂದಿದ್ದ.

ಐದು ದಿನಕ್ಕೆ ಮನೆಗೆ ಬಂದ. ಬಂದವನು ಮೊದಲಿನವನಲ್ಲ. ತಲೆನೋವು ಬಿಡಲಿಲ್ಲ. ಹೇಳಿದ ಮಾತು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಬೆಳಿಗ್ಗೆ ಕೇಳಿದ್ದನ್ನು ಮತ್ತೆ ಕೇಳುವುದು. ಆದರೂ ಯಾವ ಓಣಿಗೆ ಯಾವ ವಾಲ್ವು ಎಂಬುದು ಮಾತ್ರ ಕೈಗೆ ನೆನಪಿತ್ತು. ಹದಿನೈದು ದಿನಕ್ಕೆ ನೀರು ಬಿಡಲು ಹೋದ. ಅಷ್ಟರಲ್ಲಿ ಕುಡಿದು ಹಗೇವಿಗೆ ಬಿದ್ದವನು ಎಂಬ ಮಾತು ಊರು ಸುತ್ತಿ ಬಂದಿತ್ತು. ಹೇಳುವವರೆಲ್ಲ ನಗುತ್ತಲೇ ಹೇಳುತ್ತಿದ್ದರಂತೆ. ಕುಡುಕನನ್ನು ನೀರಿನ ಟ್ಯಾಂಕಿನ ಮೇಲೆ ಹತ್ತಿಸುವುದು ಹೇಗೆ ಎಂದು ಪಂಚಾಯತಿಯಲ್ಲಿ ಯಾರೋ ಎತ್ತಿದರು. ಖಾಯಂ ಮಾಡುವುದು ಹಾಗಿರಲಿ, ಇದ್ದದ್ದೂ ಹೋಗುವ ಹಾಗಾಯಿತು.

ಒಂದು ಮಧ್ಯಾಹ್ನ ಅವನ ಹೆಂಡತಿ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಟ್ಟಳು, ಒಳಗೆ ಬರಲಿಲ್ಲ. ನೀರು ಕೊಟ್ಟರೆ ಪಕ್ಕಕ್ಕಿಟ್ಟಳು.

“ಅವ್ವಾರ, ನೀವು ಅಲ್ಲೇ ಇದ್ರಿ. ನಮ್ಮ ಮನಿಯವರು ಕುಡದಿದ್ರೇನ್ರಿ?”

ಇಲ್ಲ ಎಂದೆ. ಅವಳು ತಲೆಯಾಡಿಸಿದಳು, ಗೊತ್ತಿದ್ದದ್ದನ್ನೇ ಕೇಳಿದ ಹಾಗೆ.

“ಅದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತೈತಿ. ಇಪ್ಪತ್ತೆಂಟು ವರ್ಷ ಅವರ ಬಾಯಿ ವಾಸನಿ ನೋಡೀನಿ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿದಳು. ಬಯ್ದಿದ್ದರೆ ಹಗುರಾಗುತ್ತಿತ್ತು.

ಮರುದಿನ ಒಬ್ಬಳೇ ಆ ವೈದ್ಯರ ಹತ್ತಿರ ಹೋದೆ. ನಡೆದದ್ದೆಲ್ಲ ಹೇಳಿದೆ: ಮಳೆ, ಗುಳ್ಳೆ, ಹುಳಿ ವಾಸನೆ, ಇಳಿಸದ ಕಂದೀಲು. ಅವರು ಪೆನ್ನು ಕೆಳಗಿಟ್ಟರು. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ನೆಂದು ಹುಳಿತರೆ ಅದು ಇನ್ನೂ ಹೆಚ್ಚು. ಬಣ್ಣವಿಲ್ಲ. ಆ ಹುಳಿ ವಾಸನೆ ಕಾಳಿನದು, ಅನಿಲದ್ದಲ್ಲ. ಮೊದಲು ತಲೆ ಸಿಡಿಯುತ್ತದೆ, ಉಸಿರು ಜೋರಾಗುತ್ತದೆ, ಆಮೇಲೆ ಮಂಪರು. ಮಂಪರಿನಲ್ಲಿರುವವನಿಗೆ ತಾನು ಸಾಯುತ್ತಿದ್ದೇನೆಂದು ತಿಳಿಯುವುದಿಲ್ಲ. ಹೀಗೆಲ್ಲ ವಿವರಿಸಿ, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.  ಹಗೇವಿನ ಕೆಟ್ಟ ಗಾಳಿಯಿಂದ ಹೀಗಾಗಿರಬಹುದು ಎಂದು ಒಂದು ಚೀಟಿ ಬರೆದುಕೊಟ್ಟರು. ಕುಡಿದಿದ್ದ ಎಂಬ ಹಳೆಯ ಬರಹ ಆಗಲೇ ಮೇಲೆ ಹೋಗಿದೆ, ತಾವೊಬ್ಬರೇ ತಿದ್ದಲಾಗದು ಎಂದರು.

ವಾಪಸು ಬರುವಾಗ ಕೂಡ್ಲಿಗಿ ಕಡೆಯಿಂದ ಬಂದ ಲಾರಿಗಳು ಸಾಲಾಗಿ ಹೊಗೆ ಬಿಡುತ್ತ ನಿಂತಿದ್ದವು. ಮಗಳ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಇದೇ ಇಂಗಾಲದ ಡೈ ಆಕ್ಸೈಡ್ ಇದೆ: ಭೂಮಿಯ ಸುತ್ತ ಹೊದಿಕೆಯಾಗಿ ಶಾಖ ಹಿಡಿದಿಡುತ್ತದಂತೆ, ಅದರಿಂದ ಮಳೆ ದಿಕ್ಕು ತಪ್ಪುತ್ತದಂತೆ. ಅವಳು ಅದನ್ನು ಬಾಯಿಪಾಠ ಮಾಡುತ್ತಿದ್ದಾಗ, ಅದು ಎಲ್ಲೋ ಹಿಮ ಕರಗುವ ಊರಿನ ಸಂಗತಿ ಎಂದುಕೊಂಡು ನಾನು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಮೇಲೆ ಅದು ಹೆಚ್ಚಿ ನಮ್ಮ ಗೋದಾಮು ಕಾದಿತು. ಕಾದದ್ದಕ್ಕೆ ಜೋಳ ನೆಲಕ್ಕಿಳಿಯಿತು. ತಪ್ಪಿ ಸುರಿದ ಮಳೆಗೆ ನೆಲದೊಳಗೂ ಅದೇ ತುಂಬಿತು. ಎರಡೂ ಕಡೆ ಅದೇ. ಆದರೆ ಕಾರು ನಮ್ಮದು, ಏಸಿ ನಮ್ಮದು, ಅಂಗಡಿಯಲ್ಲಿ ಹಗಲೆಲ್ಲ ಓಡುವ ಜನರೇಟರು ನಮ್ಮದು. ಅವನ ಮನೆಯಲ್ಲಿ ಇರುವುದು ಒಂದು ಫ್ಯಾನು, ಒಂದು ಸೈಕಲ್ಲು. ಹೊಗೆ ಬಿಟ್ಟವರು ಮೇಲೆ ಹಗ್ಗ ಹಿಡಿದು ನಿಂತಿದ್ದೆವು. ಇಳಿದವನು ಅವನು. ಅಷ್ಟು ಸಾಲದೆಂದು ಕುಡುಕ ಎಂಬ ಹೆಸರನ್ನೂ ಅವನಿಗೇ ಕೊಟ್ಟೆವು. ಗಾಳಿಗೆ ಬುದ್ಧಿಯಿಲ್ಲ, ಅದು ತಗ್ಗು ಹುಡುಕುತ್ತದೆ. ನಮಗೆ ಬುದ್ಧಿಯಿದ್ದೂ ನಾವು ತಗ್ಗನ್ನೇ ಹುಡುಕಿದೆವು.

ಪಂಚಾಯತಿ ಸಭೆಯ ದಿನ ನಾನು ಹಳ್ಳಿಗೆ ಹೋದೆ. ಗಂಡನಿಗೆ ಮೊದಲೇ ಹೇಳಿದ್ದೆ. ಕಾರಿನಲ್ಲಿ ಕರೆತಂದ, ಕಾರಿನಿಂದ ಇಳಿಯಲಿಲ್ಲ. ಮೊದಲು ಅತ್ತೆಯ ಹತ್ತಿರ ಹೋಗಿ, ಹಗೇವಿನಿಂದ ತೆಗೆದು ದನಕ್ಕೆಂದು ಮುಚ್ಚಿಟ್ಟಿದ್ದ ನೆಂದ ಜೋಳ ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಸ್ಟೀಲಿನ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಹಾಕಿಕೊಟ್ಟರು.

ಸಭೆಯಲ್ಲಿ ಹತ್ತು ಹನ್ನೆರಡು ಜನ ಗಂಡಸರು. ಗೋಡೆ ಪಕ್ಕದ ಕುರ್ಚಿಯಲ್ಲಿ ಮಾವ. ಬಾಗಿಲ ಬಳಿ ಅವನು ಮತ್ತು ಅವನ ಹೆಂಡತಿ ನಿಂತಿದ್ದರು. ನಾನು ವೈದ್ಯರ ಚೀಟಿಯನ್ನು ಮೇಜಿನ ಮೇಲಿಟ್ಟು, ಅವನು ಕುಡಿದಿರಲಿಲ್ಲ, ಕಂದೀಲು ಇಳಿಸದೆ ಇಳಿಸಿದವರು ನಾವು, ಟಾರ್ಚು ಕೊಟ್ಟವಳು ನಾನು ಎಂದೆ. ಯಾರೋ ಹಿಂದಿನಿಂದ, ಸೊಸಿ ಮಾವನ ಮ್ಯಾಲ ಪಿರ್ಯಾದಿ ತಂದಾಳಪ್ಪೋ ಎಂದು ನಕ್ಕರು. ಇನ್ನೊಬ್ಬರು, ಮೈಯೆಲ್ಲ ಹೆಂಡದ ವಾಸನೆ ಇದ್ದದ್ದಕ್ಕೆ ಏನಂತೀರಿ ಎಂದು ಕೇಳಿದರು. ಅದನ್ನು ಯಾರಾದರೂ ಕೇಳಲಿ ಎಂದೇ ನಾನು ಕಾದಿದ್ದೆ. ಡಬ್ಬಿಯ ಮುಚ್ಚಳ ತೆಗೆದು ಕೇಳಿದವರ ಕೈಗೆ ಕೊಟ್ಟೆ.

ಅವರು ಮೂಗಿನ ಹತ್ತಿರ ಹಿಡಿದು, ಮುಖ ಹಿಂದಕ್ಕೆಳೆದರು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಆ ವಾಸನೆಯ ಪರಿಚಯ ಚೆನ್ನಾಗಿಯೇ ಇದ್ದ ಒಬ್ಬರು ಎರಡು ಸಲ ಮೂಸಿದರು.

“ಹಂಗಾರ ಈ ಜೋಳಕ್ಕೂ ನೀರುಗಂಟಿ ಕೆಲಸ ಕೊಡಾಕ ಬರಂಗಿಲ್ಲ ಬಿಡ್ರಿ,” ಅಂದರು.

ನಗು ಎದ್ದಿತು. ಆ ನಗು ಈ ಸಲ ಅವನ ಮೇಲಿರಲಿಲ್ಲ. ಡಬ್ಬಿ ಮಾವನ ತನಕ ಹೋಯಿತು. ಅವರು ಮೂಸಲಿಲ್ಲ, ಮುಂದಕ್ಕೂ ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತರು. ತಾವು ಹೇಳಿಸಿದ್ದು ಸುಳ್ಳೆಂದು ಅವರು ಒಪ್ಪಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಆ ಮೌನವನ್ನು ದೊಡ್ಡತನವೆಂದು ಆಮೇಲೆ ಕೆಲವರು ಹೊಗಳಿದರು. ನನಗೆ ಇವತ್ತಿಗೂ ಹಾಗೆ ಕಾಣುವುದಿಲ್ಲ.

ಕಾರ್ಯದರ್ಶಿ ಪುಸ್ತಕ ತೆರೆದು, ಏನಂತ ಬರೀಲಿ ಎಂದು ನನ್ನನ್ನೇ ಕೇಳಿದರು. ಹಗೇವಿನಲ್ಲಿ ತುಂಬಿದ್ದ ಇಂಗಾಲದ ಡೈ ಆಕ್ಸೈಡಿನಿಂದ ಪ್ರಜ್ಞೆ ತಪ್ಪಿದ್ದು, ಕುಡಿತದಿಂದ ಅಲ್ಲ, ಅದಕ್ಕೆ ಮನೆಯವರೇ ಹೊಣೆ ಎಂದು ಬರೆಸಿದೆ. ಸಹಿ ಮಾಡಿದೆ. ಅವನ ಕೆಲಸ ಅವನಿಗೇ ಎಂದಾಯಿತು. ಟ್ಯಾಂಕು ಹತ್ತಲು ಮಾತ್ರ ಬೇರೆಯವರು. ಅವನಿಗೆ ಈಗ ತಲೆ ಸುತ್ತುವುದು ನಿಜ, ಅದನ್ನು ಯಾವ ಸಹಿಯೂ ತೆಗೆಯಲಾರದು.

ಹೊರಗೆ ಕಟ್ಟೆಯ ಹತ್ತಿರ ಅವನ ಹೆಂಡತಿ ನನ್ನನ್ನು ನಿಲ್ಲಿಸಿದಳು. ಬರೆದದ್ದನ್ನು ಅವನಿಗೆ ಹೇಳಬೇಕಂತೆ. ನಾನು ಹೇಳಿದೆ. ಅವನು ಗಮನವಿಟ್ಟು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, “ಏನಂತ ಬರದ್ರಿ ತಂಗೆವ್ವಾ?” ಎಂದು ಮತ್ತೆ ಕೇಳಿದ. ಮತ್ತೆ ಹೇಳಿದೆ. ಮೂರನೆಯ ಸಲವೂ ಕೇಳಿದ. ಮೊದಲಿಂದ ಹೇಳಿದೆ. ಅವನಿಗೆ ನನ್ನ ಮೇಲೆ ಸಿಟ್ಟು ಬರಬೇಕಾದರೆ ಮೊದಲು ಅದು ನೆನಪಿರಬೇಕು. ಅದನ್ನೂ ನಾವೇ ತೆಗೆದುಕೊಂಡಿದ್ದೆವು.

“ಸಾಕು ನಡೀರಿ, ಕೆಳಗಿನ ಓಣಿಗೆ ನೀರು ಬಿಡೋ ಹೊತ್ತಾತು,” ಎಂದು ಅವಳು ಅವನ ತೋಳು ಹಿಡಿದಳು. ಅವರು ಹೋದರು. ನಾನು ಬಸ್ಸಿಗೆ ನಿಂತೆ. ಬೇವಿನ ನೆರಳಲ್ಲಿ ಗಂಡನ ಕಾರು ಗಾಜು ಏರಿಸಿಕೊಂಡು, ಒಳಗೆ ತಂಪು ಮಾಡಿಕೊಂಡು, ಇಂಜಿನು ಆರಿಸದೆ ನಿಂತೇ ಇತ್ತು.